ಗ್ರಂಥದ ಸೂತ್ರ, ಕಾರ್ಯಾಗಾರದ ಯಂತ್ರ: ಹೈಡ್ರಾಲಿಕ್ ಪ್ರೆಸ್ಸಿನ ಚರಿತ್ರೆಯ ಕೆಲವು ನೆಲೆಗಳು

ಒತ್ತುವುದು ಮನುಷ್ಯನ ಪ್ರಾಚೀನ ಕ್ರಿಯೆಗಳಲ್ಲಿ ಒಂದು. ಕನ್ನಡ ನಾಡಿನ ಅಡುಗೆಮನೆಯ ಶ್ಯಾವಿಗೆ ಒರಳು, ಚಕ್ಕುಲಿ ಒರಳು, ಊರಿನ ಎಣ್ಣೆಗಾಣ, ಆಲೆಮನೆಯ ಕಬ್ಬಿನ ಗಾಣ ಇವೆಲ್ಲ ಒತ್ತಡವನ್ನು ದುಡಿಸಿಕೊಳ್ಳುವ ಸಾಧನಗಳೇ. ಇವುಗಳಲ್ಲಿ ಬಲವನ್ನು ಹೆಚ್ಚಿಸುವುದು ಸನ್ನೆ, ತಿರುಪು ಅಥವಾ ಎತ್ತಿನ ಹೆಗಲು. ನೀರಿನಂಥ ನಿರಾಕಾರ ವಸ್ತುವಿನಿಂದಲೂ ಬಲವನ್ನು ನೂರು ಪಟ್ಟು ಹೆಚ್ಚಿಸಬಹುದೆಂಬ ವಿಚಾರ ಹದಿನೇಳನೆಯ ಶತಮಾನದ ಯುರೋಪಿನಲ್ಲಿ ರೂಪುಗೊಂಡಿತು. ಇಂದು ಮೋಟಾರು ದುರಸ್ತಿಯ ಸಣ್ಣ ಶೆಡ್ಡಿನಲ್ಲಿ ಕೂಡ ಬೇರಿಂಗನ್ನು ಕೂರಿಸಲು, ಬುಷ್ಷನ್ನು ಕಳಚಲು, ಬಾಗಿದ ಶಾಫ್ಟನ್ನು ನೇರಮಾಡಲು ಹೈಡ್ರಾಲಿಕ್ ಪ್ರೆಸ್ ಬಳಕೆಯಾಗುತ್ತದೆ. ಅದನ್ನು ಕಾರ್ಯಾಗಾರದವರು ತಾವೇ ಕಟ್ಟಿಕೊಳ್ಳುವುದೂ ಉಂಟು. ಕಬ್ಬಿಣದ ಚಾನೆಲ್ಲುಗಳ ಚೌಕಟ್ಟು, ಒಂದು ಜಾಕು, ಅದನ್ನು ನಡೆಸಲು ಕಂಪ್ರೆಸರಿನ ಗಾಳಿ ಇವಿಷ್ಟರಿಂದ ಇಪ್ಪತ್ತು ಟನ್ ಬಲದ ಯಂತ್ರ ಸಿದ್ಧವಾಗುತ್ತದೆ.

ಇಂಥ ಸ್ವಯಂನಿರ್ಮಿತ ಯಂತ್ರವನ್ನು ದೊಡ್ಡ ಕಾರ್ಖಾನೆಯ ಯಂತ್ರದ ಬಡ ಅನುಕರಣೆಯೆಂದು ಭಾವಿಸುವುದು ವಾಡಿಕೆ. ಚರಿತ್ರೆ ಹೇಳುವುದು ಬೇರೆ. ಹೈಡ್ರಾಲಿಕ್ ಪ್ರೆಸ್ಸಿನ ಸೂತ್ರ ಗ್ರಂಥದಲ್ಲಿ ಹುಟ್ಟಿತಾದರೂ ಯಂತ್ರ ಹುಟ್ಟಿದ್ದು ಕಾರ್ಯಾಗಾರದಲ್ಲಿ. ಇವೆರಡರ ನಡುವೆ 132 ವರ್ಷಗಳ ಅಂತರವಿದೆ. ಆ ಅಂತರವನ್ನು ತುಂಬಿದ ಕೈಗಳು ಯಾರವು, ಅವುಗಳಿಗೆ ಚರಿತ್ರೆಯಲ್ಲಿ ಸಂದ ಸ್ಥಾನ ಯಾವುದು ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಗ್ರಂಥದಲ್ಲಿದ್ದ ಯಂತ್ರ

ನೀರಿನ ಒತ್ತಡವು ಪಾತ್ರೆಯ ಆಕಾರವನ್ನಾಗಲಿ ಅದರಲ್ಲಿರುವ ನೀರಿನ ಒಟ್ಟು ತೂಕವನ್ನಾಗಲಿ ಅವಲಂಬಿಸದೆ ಆಳವನ್ನು ಮಾತ್ರ ಅವಲಂಬಿಸುತ್ತದೆಂಬುದನ್ನು ಸೈಮನ್ ಸ್ಟೆವಿನ್ 1586ರಲ್ಲಿಯೇ ನಿರೂಪಿಸಿದ್ದನು. ಈ ವಿಚಾರವನ್ನು ಯಂತ್ರದ ಕಲ್ಪನೆಯವರೆಗೆ ಕೊಂಡೊಯ್ದವನು ಫ್ರಾನ್ಸಿನ ಬ್ಲೇಸ್ ಪಾಸ್ಕಲ್. ದ್ರವಗಳ ಸಮತೋಲವನ್ನು ಕುರಿತ ಅವನ ಪ್ರಬಂಧ 1650ರ ದಶಕದ ಮೊದಲ ಭಾಗದಲ್ಲಿ ಸಿದ್ಧವಾಗಿತ್ತು. 1662ರಲ್ಲಿ ಅವನು ತೀರಿಕೊಂಡ ಮರುವರ್ಷ, 1663ರಲ್ಲಿ, ಅದು ಪ್ರಕಟವಾಯಿತು.

ಪಾಸ್ಕಲನ ನಿರೂಪಣೆ ಅತ್ಯಂತ ಸರಳವಾದುದು. ಎಲ್ಲ ಕಡೆಯಿಂದಲೂ ಮುಚ್ಚಿದ, ನೀರು ತುಂಬಿದ ಒಂದು ಪಾತ್ರೆ. ಅದಕ್ಕೆ ಎರಡು ಬಾಯಿಗಳು. ಒಂದರ ವಿಸ್ತೀರ್ಣ ಇನ್ನೊಂದರ ನೂರು ಪಟ್ಟು. ಎರಡಕ್ಕೂ ಸರಿಯಾಗಿ ಕೂರುವ ಪಿಸ್ಟನ್ನುಗಳನ್ನು ಅಳವಡಿಸಿದರೆ ಸಣ್ಣ ಪಿಸ್ಟನ್ನನ್ನು ಒತ್ತುವ ಒಬ್ಬ ಮನುಷ್ಯ, ದೊಡ್ಡ ಪಿಸ್ಟನ್ನನ್ನು ಒತ್ತುವ ನೂರು ಮಂದಿಗೆ ಸಮನಾಗುತ್ತಾನೆ. ಈ ಲಾಭ ಪುಕ್ಕಟೆಯಾದುದಲ್ಲ ಎಂಬುದನ್ನೂ ಪಾಸ್ಕಲ್ ತಿಳಿಸುತ್ತಾನೆ. ಸಣ್ಣ ಪಿಸ್ಟನ್ ಒಂದು ಅಂಗುಲ ಚಲಿಸಿದರೆ ದೊಡ್ಡದು ಅಂಗುಲದ ನೂರನೆಯ ಒಂದು ಭಾಗ ಮಾತ್ರ ಚಲಿಸುತ್ತದೆ. ಬಲದಲ್ಲಿ ಗಳಿಸಿದ್ದನ್ನು ದೂರದಲ್ಲಿ ತೆರಬೇಕು. ಸನ್ನೆಗೂ ತಿರುಪಿಗೂ ಅನ್ವಯಿಸುವ ನಿಯಮವೇ ನೀರಿಗೂ ಅನ್ವಯಿಸುತ್ತದೆಂದು ತೋರಿಸಿದ್ದು ಅವನ ಸಾಧನೆ.

ಅದೇ ಸಂಪುಟದಲ್ಲಿ ಗಾಳಿಯ ತೂಕವನ್ನು ಕುರಿತ ಪ್ರಬಂಧವೂ ಸೇರಿತ್ತು ಎಂಬುದು ಗಮನಾರ್ಹ. 1648ರ ಸೆಪ್ಟೆಂಬರ್ 19ರಂದು ಪಾಸ್ಕಲನ ಸೂಚನೆಯಂತೆ ಅವನ ಭಾವ ಫ್ಲೋರಿನ್ ಪೆರಿಯೆ, ಪ್ಯುಯ್ ದ ದೋಮ್ ಬೆಟ್ಟದ ಮೇಲೆ ಪಾದರಸದ ಕೊಳವೆಯನ್ನು ಕೊಂಡೊಯ್ದು, ಎತ್ತರಕ್ಕೆ ಏರಿದಂತೆ ಪಾದರಸದ ಮಟ್ಟ ಇಳಿಯುವುದನ್ನು ದಾಖಲಿಸಿದ್ದನು. ಹೀಗೆ ದ್ರವ ಮತ್ತು ಗಾಳಿ ಒಂದೇ ಗ್ರಂಥದಲ್ಲಿ ನೆರೆಹೊರೆಯಾಗಿದ್ದವು. ಯಂತ್ರದಲ್ಲಿ ಅವೆರಡೂ ಕೈಜೋಡಿಸಲು ಎರಡು ಶತಮಾನಗಳೇ ಬೇಕಾದವು.

ಪಾಸ್ಕಲನ ವಿವರಣೆಯಲ್ಲಿನ ತೊಡಕನ್ನು ಗುರುತಿಸಿದವನು ರಾಬರ್ಟ್ ಬಾಯ್ಲ್. 1666ರಲ್ಲಿ ಪ್ರಕಟವಾದ ಜಲಸ್ಥಿತಿಯ ವಿರೋಧಾಭಾಸಗಳನ್ನು ಕುರಿತ ತನ್ನ ಕೃತಿಯಲ್ಲಿ ಅವನು, ಪಾಸ್ಕಲ್ ಈ ಪ್ರಯೋಗಗಳನ್ನು ನಿಜವಾಗಿ ಮಾಡಿದನೇ ಎಂಬ ಸಂದೇಹವನ್ನು ಎತ್ತಿದನು. ಅವುಗಳಿಗೆ ಬೇಕಾದ ಹಿತ್ತಾಳೆಯ ಸಿಲಿಂಡರುಗಳ ಮತ್ತು ಬಿರಡೆಗಳ ನಿಖರತೆಯನ್ನು ಗಣಿತಜ್ಞ ಸುಲಭವಾಗಿ ಊಹಿಸಿಕೊಳ್ಳಬಹುದು, ಕಸುಬುದಾರನಿಂದ ಅದನ್ನು ಪಡೆಯುವುದು ಮಾತ್ರ ದುಸ್ತರ ಎಂಬುದು ಬಾಯ್ಲನ ಆಕ್ಷೇಪಣೆಯ ಸಾರ. ಪಾಸ್ಕಲ್ ಸಹಜವೆಂಬಂತೆ ಬಳಸಿದ ‘ಸರಿಯಾಗಿ ಕೂರುವ’ ಎಂಬ ವಿಶೇಷಣದಲ್ಲಿಯೇ ಮುಂದಿನ 132 ವರ್ಷಗಳ ಸಮಸ್ಯೆ ಅಡಗಿತ್ತು. ಸೂತ್ರ ತಪ್ಪಾಗಿರಲಿಲ್ಲ. ಆದರೆ ಪಿಸ್ಟನ್ನಿನ ಮತ್ತು ಸಿಲಿಂಡರಿನ ನಡುವಿನ ಕೂದಲೆಳೆಯಷ್ಟು ಸಂದಿಯಲ್ಲಿ ನೀರು ನುಸುಳಿದರೆ ನೂರು ಮಂದಿಯ ಬಲವೂ ಅದರೊಂದಿಗೆ ಸೋರಿಹೋಗುತ್ತಿತ್ತು.

ಬ್ರಾಮಾನ ಕಾರ್ಯಾಗಾರ

ಈ ಸಂದಿಯನ್ನು ಮುಚ್ಚುವ ಕೆಲಸ ವಿದ್ವಾಂಸರ ನೆಲೆಯಲ್ಲಿ ನಡೆಯಲಿಲ್ಲ. ಜೋಸೆಫ್ ಬ್ರಾಮಾ ಇಂಗ್ಲೆಂಡಿನ ಯಾರ್ಕ್‌ಷೈರಿನ ರೈತ ಕುಟುಂಬದಲ್ಲಿ 1748ರಲ್ಲಿ ಹುಟ್ಟಿದವನು. ಅಪಘಾತದಿಂದ ಕಾಲು ಊನವಾಗಿ ಬೇಸಾಯಕ್ಕೆ ಒದಗದೆ ಹೋದದ್ದರಿಂದ ಬಡಗಿಯ ಬಳಿ ಕೆಲಸ ಕಲಿಯಲು ಸೇರಿದನು. ಮುಂದೆ ಲಂಡನ್ನಿಗೆ ಬಂದು ಮನೆಗಳಲ್ಲಿ ಶೌಚಾಲಯದ ಉಪಕರಣಗಳನ್ನು ಅಳವಡಿಸುವ ಕೆಲಸದಲ್ಲಿ ತೊಡಗಿದನು. 1778ರಲ್ಲಿ ಅವುಗಳ ಸುಧಾರಣೆಗೆ ಪೇಟೆಂಟ್ ಪಡೆದನು. 1784ರಲ್ಲಿ ಪೇಟೆಂಟ್ ಪಡೆದ ಅವನ ಬೀಗ ಹೆಚ್ಚಿನ ಖ್ಯಾತಿ ಗಳಿಸಿತು. ಅದನ್ನು ತೆರೆಯಬಲ್ಲವರಿಗೆ 200 ಗಿನಿಗಳ ಬಹುಮಾನ ಘೋಷಿಸಿ ಪಿಕಡಿಲಿಯ ಅಂಗಡಿಯ ಕಿಟಕಿಯಲ್ಲಿ ಇರಿಸಲಾಗಿತ್ತು. ಅಮೆರಿಕದ ಆಲ್ಫ್ರೆಡ್ ಹಾಬ್ಸ್ 1851ರಲ್ಲಿ ಹಲವು ದಿನಗಳ ಪ್ರಯತ್ನದಿಂದ ಅದನ್ನು ತೆರೆಯುವವರೆಗೂ ಆ ಸವಾಲು ನಿಂತೇ ಇತ್ತು.

ಶೌಚಾಲಯದ ಕವಾಟ ಮತ್ತು ಬೀಗ ಹೈಡ್ರಾಲಿಕ್ ಪ್ರೆಸ್ಸಿಗೆ ದೂರದ ವಿಷಯಗಳೆಂದು ತೋರಬಹುದು. ವಾಸ್ತವವಾಗಿ ಅವೇ ಅದರ ಪೂರ್ವಸಿದ್ಧತೆ. ಮೊದಲನೆಯದು ನೀರು ಸೋರದಂತೆ ತಡೆಯುವ ಅನುಭವವನ್ನು ನೀಡಿತು. ಎರಡನೆಯದು ಲೋಹದ ಸಣ್ಣ ಭಾಗಗಳನ್ನು ಒಂದೇ ಅಳತೆಯಲ್ಲಿ ಮತ್ತೆ ಮತ್ತೆ ತಯಾರಿಸುವ ಉಪಕರಣಗಳನ್ನು ಬೇಡಿತು. ಇದೇ ಕಾಲದಲ್ಲಿ ಜಾನ್ ವಿಲ್ಕಿನ್‌ಸನ್ 1774ರಲ್ಲಿ ಪೇಟೆಂಟ್ ಪಡೆದ ಕೊರೆಯುವ ವಿಧಾನ, ಅದರ ಬೆನ್ನಿಗೆ ಬಂದ ಅವನ ಕೊರೆಯುವ ಯಂತ್ರ ದೊಡ್ಡ ಸಿಲಿಂಡರುಗಳನ್ನು ದುಂಡಗೆ ಕೊರೆಯುವುದನ್ನು ಸಾಧ್ಯವಾಗಿಸಿ, ಜೇಮ್ಸ್ ವಾಟನ ಆವಿಯಂತ್ರಕ್ಕೆ ನೆರವಾಗಿದ್ದವು. ಬಾಯ್ಲ್ ಕಸುಬುದಾರರಲ್ಲಿ ಕಾಣದಿದ್ದ ನಿಖರತೆಯನ್ನು ಕಸುಬುದಾರರೇ ಕ್ರಮೇಣ ಸಾಧಿಸುತ್ತಿದ್ದರು. ಈ ಹಿನ್ನೆಲೆಯಲ್ಲಿ 1795ರಲ್ಲಿ ಬ್ರಾಮಾ ಹೈಡ್ರಾಲಿಕ್ ಪ್ರೆಸ್ಸಿಗೆ ಪೇಟೆಂಟ್ ಪಡೆದನು.

ತೊಗಲಿನ ಪಟ್ಟಿ

ಪೇಟೆಂಟಿನ ಹೆಸರು ಒಂದೇ ಆದರೂ ಯಂತ್ರದ ಹಿಂದಿನ ಕೈ ಒಂದೇ ಆಗಿರಲಿಲ್ಲ. 1771ರಲ್ಲಿ ವುಲ್ವಿಚ್ಚಿನಲ್ಲಿ ಹುಟ್ಟಿದ ಹೆನ್ರಿ ಮಾಡ್‌ಸ್ಲೆ ಹನ್ನೆರಡರ ವಯಸ್ಸಿನಲ್ಲಿಯೇ ಅಲ್ಲಿನ ಆಯುಧಾಗಾರದಲ್ಲಿ ತೋಟಾಗಳಿಗೆ ಮದ್ದು ತುಂಬುವ ಕೆಲಸಕ್ಕೆ ಸೇರಿ, ಮುಂದೆ ಕಮ್ಮಾರಸಾಲೆಯಲ್ಲಿ ಪಳಗಿದವನು. ಹದಿನೆಂಟರ ವಯಸ್ಸಿನಲ್ಲಿ ಬ್ರಾಮಾನ ಕಾರ್ಯಾಗಾರವನ್ನು ಸೇರಿದ ಅವನು ಬೇಗನೆ ಅಲ್ಲಿನ ಮುಖ್ಯ ಕೆಲಸಗಾರನಾದನು.

ಪ್ರೆಸ್ಸಿನ ಮೊದಲ ಮಾದರಿಗಳಲ್ಲಿ ಎದುರಾದ ತೊಂದರೆ ಎರಡು ಮುಖದ್ದಾಗಿತ್ತು. ಪಿಸ್ಟನ್ನಿನ ಸುತ್ತ ಸಡಿಲವಾಗಿ ತುಂಬಿದರೆ ನೀರು ಹೊರಚಿಮ್ಮುತ್ತಿತ್ತು. ಸೋರದಂತೆ ಬಿಗಿಯಾಗಿ ತುಂಬಿದರೆ ಒತ್ತಡ ಇಳಿಸಿದ ಮೇಲೂ ಪಿಸ್ಟನ್ ಹಿಂದಿರುಗದೆ ಕಚ್ಚಿಕೊಳ್ಳುತ್ತಿತ್ತು. ಇದಕ್ಕೆ ಪರಿಹಾರವಾಗಿ ಬಂದದ್ದು ಬಟ್ಟಲಿನಂತೆ ಮಡಿಸಿದ ತೊಗಲಿನ ಪಟ್ಟಿ. ಅದರ ಟೊಳ್ಳು ಮಗ್ಗುಲು ನೀರಿನ ಕಡೆಗಿರುತ್ತದೆ. ನೀರಿನ ಒತ್ತಡ ಏರಿದಂತೆ ಪಟ್ಟಿಯ ಅಂಚು ಅರಳಿ ಪಿಸ್ಟನ್ನಿಗೆ ಅಂಟಿಕೊಳ್ಳುತ್ತದೆ. ಒತ್ತಡ ಇಳಿದೊಡನೆ ಅಂಚು ಸಡಿಲಗೊಂಡು ಪಿಸ್ಟನ್ನನ್ನು ಬಿಡುತ್ತದೆ. ಸೋರಿಕೆಗೆ ಕಾರಣವಾಗುವ ಒತ್ತಡವೇ ಸೋರಿಕೆಯನ್ನು ತಡೆಯುವ ಕಾವಲುಗಾರನಾಗುತ್ತದೆ.

ಈ ತತ್ತ್ವ ಅಪರಿಚಿತವೇನಲ್ಲ. ಸೈಕಲ್ ಪಂಪಿನೊಳಗಿನ ಬಟ್ಟಲಾಕಾರದ ತೊಗಲಿನ ವಾಷರು ಕೆಲಸ ಮಾಡುವುದು ಹೀಗೆಯೇ. ಭಾರತದ ಹಳ್ಳಿಗಳಲ್ಲಿ ವ್ಯಾಪಕವಾಗಿ ನೆಲೆಯೂರಿದ ಇಂಡಿಯಾ ಮಾರ್ಕ್ 2 ಕೈಪಂಪಿನಲ್ಲಿಯೂ ಮೊದಲಿಗೆ ತೊಗಲಿನ ಬಟ್ಟಲು ವಾಷರುಗಳೇ ಇದ್ದವು. ಪಂಪು ‘ಗಾಳಿ ಹಿಡಿಯುತ್ತಿಲ್ಲ’ ಎಂದು ವಾಷರಿಗೆ ಎಣ್ಣೆ ಹಚ್ಚಿ ಅಂಚನ್ನು ಅರಳಿಸುವ ಸೈಕಲ್ ಅಂಗಡಿಯವನು ಹದಿನೆಂಟನೆಯ ಶತಮಾನದ ಲಂಡನ್ನಿನ ಸಮಸ್ಯೆಯನ್ನೇ ಬಿಡಿಸುತ್ತಿರುತ್ತಾನೆ.

ಈ ಪಟ್ಟಿಯ ಶ್ರೇಯಸ್ಸು ಮಾಡ್‌ಸ್ಲೆಗೆ ಸಲ್ಲುತ್ತದೆಂಬ ಹೇಳಿಕೆ ಪ್ರಸಿದ್ಧವಾದದ್ದು ಸ್ಯಾಮ್ಯುಯೆಲ್ ಸ್ಮೈಲ್ಸ್ 1863ರಲ್ಲಿ ಪ್ರಕಟಿಸಿದ, ಕಬ್ಬಿಣದ ಕೆಲಸಗಾರರ ಮತ್ತು ಉಪಕರಣ ತಯಾರಕರ ಜೀವನಚರಿತ್ರೆಗಳ ಗ್ರಂಥದಿಂದ. ಮಾಡ್‌ಸ್ಲೆಯ ಕೊನೆಯ ವರ್ಷಗಳಲ್ಲಿ ಅವನ ಬಳಿ ದುಡಿದಿದ್ದ ಜೇಮ್ಸ್ ನಾಸ್ಮಿತ್ ಈ ವಿವರಕ್ಕೆ ಆಧಾರ. ಘಟನೆ ನಡೆದು ಆರು ದಶಕಗಳಿಗೂ ಹೆಚ್ಚು ಕಾಲವಾದ ಮೇಲೆ, ಶಿಷ್ಯನ ಸ್ಮರಣೆಯ ಮೂಲಕ ಬಂದ ಸಾಕ್ಷ್ಯವಿದು. ಸ್ವಯಂ ಬಿಗಿಯುವ ತೊಗಲಿನ ಪಟ್ಟಿಯ ಸಂಬಂಧದಲ್ಲಿ ಬೋಲ್ಟನ್ನಿನ ಎಂಜಿನಿಯರ್ ಬೆಂಜಮಿನ್ ಹಿಕ್ಕನ ಹೆಸರನ್ನೂ ಹೇಳುವುದುಂಟು. ಆದಕಾರಣ ಮಾಡ್‌ಸ್ಲೆಯೊಬ್ಬನೇ ಇದರ ಕರ್ತೃ ಎಂದು ಘೋಷಿಸುವುದಕ್ಕಿಂತ, ಪೇಟೆಂಟಿನ ದಾಖಲೆ ಹಿಡಿದಿಡದ ಜ್ಞಾನವೊಂದು ಕೆಲಸಗಾರರ ನಡುವೆ ಬಾಯಿಂದ ಬಾಯಿಗೆ ಸಾಗಿಬಂದಿತೆಂದು ತೀರ್ಮಾನಿಸುವುದು ಹೆಚ್ಚು ಸಮಂಜಸ. ಚರಿತ್ರಕಾರನಿಗೆ ಇಲ್ಲಿ ಎರಡು ಬಗೆಯ ಆಕರಗಳಿವೆ: ಮಾಲೀಕನ ಹೆಸರಿರುವ ಕಾಗದ ಮತ್ತು ಕೆಲಸಗಾರನ ಹೆಸರಿರುವ ನೆನಪು. ಮೊದಲನೆಯದು ಕಾಲದಲ್ಲಿ ಹತ್ತಿರದ್ದು, ಎರಡನೆಯದು ಕೆಲಸಕ್ಕೆ ಹತ್ತಿರದ್ದು.

ಮಾಡ್‌ಸ್ಲೆ ವಾರಕ್ಕೆ 30 ಷಿಲಿಂಗ್ ಕೂಲಿ ಪಡೆಯುತ್ತಿದ್ದನು. ಕುಟುಂಬ ಬೆಳೆದಾಗ ಹೆಚ್ಚಳ ಕೇಳಿದನು, ಬ್ರಾಮಾ ನಿರಾಕರಿಸಿದನು. 1797ರಲ್ಲಿ ಅವನು ಹೊರಬಂದು ಸ್ವಂತ ಕಾರ್ಯಾಗಾರ ತೆರೆದನು. ತಿರುಪು ಕತ್ತರಿಸುವ ಲೇತನ್ನು ಪರಿಷ್ಕರಿಸಿದ ಆ ಕಾರ್ಯಾಗಾರದಲ್ಲಿಯೇ ಜೋಸೆಫ್ ವಿಟ್‌ವರ್ತ್, ರಿಚರ್ಡ್ ರಾಬರ್ಟ್ಸ್, ನಾಸ್ಮಿತ್ ಮೊದಲಾದವರು ಪಳಗಿದರು. ಬ್ರಾಮಾ ತನ್ನ ಪ್ರೆಸ್ಸಿನೊಂದಿಗೇ ಕೊನೆಯವರೆಗೂ ಉಳಿದನು. ಹ್ಯಾಂಪ್‌ಷೈರಿನ ಹೋಲ್ಟ್ ಅರಣ್ಯದಲ್ಲಿ ಪ್ರೆಸ್ಸಿನಿಂದ ಮರಗಳನ್ನು ಬೇರುಸಹಿತ ಕೀಳಿಸುವ ಕೆಲಸದ ಮೇಲ್ವಿಚಾರಣೆ ನಡೆಸುತ್ತಿದ್ದಾಗ ತಗುಲಿದ ಶೀತವು ಉಲ್ಬಣಗೊಂಡು 1814ರ ಡಿಸೆಂಬರ್ 9ರಂದು ತೀರಿಕೊಂಡನು.

ಸೇತುವೆ, ಹಡಗು, ನಗರ

ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಹೈಡ್ರಾಲಿಕ್ ಪ್ರೆಸ್ ಮಹಾನಿರ್ಮಾಣಗಳ ಸಾಧನವಾಯಿತು. ವೇಲ್ಸಿನ ಮೆನಾಯ್ ಜಲಸಂಧಿಯ ಮೇಲೆ ರಾಬರ್ಟ್ ಸ್ಟೀಫನ್‌ಸನ್ ಕಟ್ಟಿಸಿದ ಬ್ರಿಟಾನಿಯಾ ಸೇತುವೆಯ ಕಬ್ಬಿಣದ ಕೊಳವೆಗಳಲ್ಲಿ ದೊಡ್ಡವು ಸುಮಾರು 460 ಅಡಿ ಉದ್ದವಾಗಿದ್ದು, ಒಂದೊಂದೂ 1,500 ಟನ್ನಿಗಿಂತ ಹೆಚ್ಚು ತೂಗುತ್ತಿದ್ದವು. 1849ರ ಆಗಸ್ಟಿನಲ್ಲಿ ಮೊದಲ ಕೊಳವೆಯನ್ನು ಎತ್ತುತ್ತಿದ್ದಾಗ ಪ್ರೆಸ್ಸಿನ ಸಿಲಿಂಡರಿನ ತಳ ಸಿಡಿದು ಕಳಚಿಬಿದ್ದಿತು. ಆದರೂ ಕೊಳವೆ ಕುಸಿದದ್ದು ಕೆಲವೇ ಅಂಗುಲ. ಕೊಳವೆ ಮೇಲೇರಿದಂತೆಲ್ಲ ಅದರ ಅಡಿಯಲ್ಲಿ ಬಿಡದೆ ಆಸರೆ ತುಂಬುತ್ತ ಬರಬೇಕೆಂದು ಸ್ಟೀಫನ್‌ಸನ್ ವಿಧಿಸಿದ್ದ ಕಟ್ಟಪ್ಪಣೆಯೇ ಅದನ್ನು ಉಳಿಸಿತು. ಯಂತ್ರ ಎತ್ತಬಹುದು, ಆದರೆ ಹೊರೆಯನ್ನು ಯಂತ್ರದ ಭರವಸೆಯ ಮೇಲೆ ಬಿಟ್ಟು ಅದರಡಿ ನಿಲ್ಲಬಾರದು ಎಂಬ ಈ ಪಾಠ ಇಂದಿಗೂ ಜಾಕಿನ ಮೇಲೆ ವಾಹನವನ್ನೆತ್ತುವ ಪ್ರತಿ ಮೆಕ್ಯಾನಿಕ್ಕನಿಗೂ ಅನ್ವಯಿಸುತ್ತದೆ.

ಇಸಂಬಾರ್ಡ್ ಬ್ರೂನೆಲ್ ರೂಪಿಸಿದ ‘ಗ್ರೇಟ್ ಈಸ್ಟರ್ನ್’ ಹಡಗನ್ನು ಥೇಮ್ಸ್ ನದಿಗೆ ಇಳಿಸುವ ಯತ್ನ 1857ರ ನವೆಂಬರ್ 3ರಂದು ವಿಫಲವಾಯಿತು. ಹಡಗನ್ನು ಅಡ್ಡಲಾಗಿ ತಳ್ಳಲು ಹಲವಾರು ಹೈಡ್ರಾಲಿಕ್ ಪ್ರೆಸ್ಸುಗಳನ್ನು ಕಲೆಹಾಕಲಾಯಿತು. ಬರ್ಮಿಂಗ್‌ಹ್ಯಾಮಿನ ಸಣ್ಣ ಕಾರ್ಯಾಗಾರವೊಂದರ ಒಡೆಯರಾಗಿದ್ದ ಟ್ಯಾಂಗೈ ಸೋದರರು ಒದಗಿಸಿದ ಜಾಕುಗಳೂ ಅವುಗಳಲ್ಲಿದ್ದವು. 1858ರ ಜನವರಿ 31ರಂದು ಹಡಗು ನೀರಿಗಿಳಿಯಿತು. ಆ ಸಣ್ಣ ಕಾರ್ಯಾಗಾರ ಮುಂದೆ ದೊಡ್ಡ ಉದ್ಯಮವಾಗಿ ಬೆಳೆಯಲು ಈ ಪ್ರಸಂಗವೇ ನಾಂದಿಯಾಯಿತು.

ಒತ್ತಡದ ನೀರನ್ನು ಸಂಗ್ರಹಿಸಿಡುವ ತೂಕದ ಸಂಚಾಯಕವನ್ನು ವಿಲಿಯಂ ಆರ್ಮ್‌ಸ್ಟ್ರಾಂಗ್ 1850ರ ಸುಮಾರಿಗೆ ರೂಢಿಗೆ ತಂದನು. 1860ರ ದಶಕದ ಆರಂಭದಲ್ಲಿ ವಿಯೆನ್ನಾದಲ್ಲಿ ಜಾನ್ ಹ್ಯಾಸ್‌ವೆಲ್ ಕಾದ ಲೋಹವನ್ನು ಬಡಿಯುವ ಬದಲು ಒತ್ತಿ ರೂಪಿಸುವ ಹೈಡ್ರಾಲಿಕ್ ಪ್ರೆಸ್ಸನ್ನು ನಿರ್ಮಿಸಿದನು. ಲಂಡನ್ನಿನಲ್ಲಿ 1883ರಲ್ಲಿ ಆರಂಭವಾದ ಜಲಶಕ್ತಿ ಕಂಪನಿಯು ಬೀದಿಗಳ ಅಡಿಯ ಕೊಳವೆಗಳ ಮೂಲಕ ಒತ್ತಡದ ನೀರನ್ನು ಕ್ರೇನುಗಳಿಗೆ, ಲಿಫ್ಟುಗಳಿಗೆ ಹಂಚುತ್ತ 1977ರವರೆಗೆ ನಡೆಯಿತು. ಆದರೆ ಚರಿತ್ರೆಯ ಪುಟಗಳನ್ನು ತುಂಬಿದ ಈ ದೈತ್ಯರೂಪಗಳ ಪಕ್ಕದಲ್ಲಿಯೇ ಯಂತ್ರವು ಕಿರಿದಾಗುವ ಇನ್ನೊಂದು ಪ್ರವಾಹವೂ ಸಾಗಿತ್ತು.

ಕೈಗೆಟುಕಿದ ಯಂತ್ರ

ನ್ಯೂಯಾರ್ಕಿನ ರಿಚರ್ಡ್ ಡಜನ್ 1851ರಲ್ಲಿ ಎತ್ತಿಕೊಂಡೊಯ್ಯಬಹುದಾದ ಹೈಡ್ರಾಲಿಕ್ ಜಾಕಿಗೆ ಪೇಟೆಂಟ್ ಪಡೆದನು. ದ್ರವದ ತೊಟ್ಟಿ, ಪಂಪು, ಪಿಸ್ಟನ್ನು ಮೂರನ್ನೂ ಒಂದೇ ಒಡಲಿನೊಳಗೆ ಅಡಗಿಸಿದ್ದು ಅದರ ವೈಶಿಷ್ಟ್ಯ. ಲಾರಿ ಚಾಲಕರ ಸೀಟಿನಡಿಯಲ್ಲಿರುವ ‘ಬಾಟಲ್ ಜಾಕ್’ ಇದೇ ಮನೆತನಕ್ಕೆ ಸೇರಿದ್ದು.

ಎರಡನೆಯ ಬದಲಾವಣೆ ದ್ರವದಲ್ಲಿ ಆದದ್ದು. ನೀರು ಕಬ್ಬಿಣವನ್ನು ತುಕ್ಕು ಹಿಡಿಸುತ್ತದೆ, ಶೀತದೇಶಗಳಲ್ಲಿ ಹೆಪ್ಪುಗಟ್ಟುತ್ತದೆ, ಜಾರುಗುಣವಿಲ್ಲದ್ದರಿಂದ ಭಾಗಗಳು ಸವೆಯುತ್ತವೆ. ಅಮೆರಿಕದ ಯುದ್ಧನೌಕೆ ‘ವರ್ಜೀನಿಯಾ’ದಲ್ಲಿ 1906ರಲ್ಲಿ ಫಿರಂಗಿಗಳ ಚಲನೆಗೆ ಎಣ್ಣೆಯ ಹೈಡ್ರಾಲಿಕ್ ವ್ಯವಸ್ಥೆಯನ್ನು ಅಳವಡಿಸಿದ ಮೇಲೆ ಎಣ್ಣೆ ಕ್ರಮೇಣ ನೀರಿನ ಸ್ಥಾನವನ್ನು ಪಡೆಯಿತು. ಮೂರನೆಯದು ತೊಗಲಿನ ಜಾಗಕ್ಕೆ ರಬ್ಬರು ಬಂದದ್ದು. ಡೆನ್ಮಾರ್ಕಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ನೀಲ್ಸ್ ಕ್ರಿಸ್ಟೆನ್‌ಸನ್ 1937ರಲ್ಲಿ ಅರ್ಜಿ ಸಲ್ಲಿಸಿ 1939ರಲ್ಲಿ ಪೇಟೆಂಟ್ ಪಡೆದ ರಬ್ಬರಿನ ‘ಓ’ ಉಂಗುರವು ಮಾಡ್‌ಸ್ಲೆಯ ಹೆಸರಿನಲ್ಲಿರುವ ಪಟ್ಟಿಯ ತತ್ತ್ವವನ್ನೇ ಇನ್ನಷ್ಟು ಸರಳಗೊಳಿಸಿತು. ತೋಡಿನಲ್ಲಿ ಕೂತ ಉಂಗುರವನ್ನು ಒತ್ತಡವೇ ಸಂದಿಯತ್ತ ನೂಕಿ ಬಿಗಿಗೊಳಿಸುತ್ತದೆ. ಕ್ರಿಸ್ಟೆನ್‌ಸನ್ ಇದಕ್ಕೆ ಮೊದಲು ಬೀದಿಯ ಟ್ರಾಮುಗಳ ಗಾಳಿ ಬ್ರೇಕಿನ ಮೇಲೆ ಕೆಲಸ ಮಾಡಿದ್ದವನು ಎಂಬುದು ಆಕಸ್ಮಿಕವಲ್ಲ. ಗಾಳಿಗೂ ದ್ರವಕ್ಕೂ ಸೋರಿಕೆಯ ಸಮಸ್ಯೆ ಸಮಾನವಾದುದು.

ಗಾಳಿಯ ಸೇರ್ಪಡೆ

ಅದುಮಿದ ಗಾಳಿಯೂ ಕಾರ್ಯಾಗಾರಕ್ಕೆ ಹೊಸತಲ್ಲ. ಕಮ್ಮಾರನ ತಿದಿ ತೊಗಲಿನ ಚೀಲದಿಂದ ಗಾಳಿಯನ್ನು ನೂಕುವ ಪುರಾತನ ಸಾಧನ. ಆದರೆ ಗಾಳಿಯನ್ನು ಹೆಚ್ಚಿನ ಒತ್ತಡಕ್ಕೆ ಅದುಮಿ ದೂರಕ್ಕೆ ಸಾಗಿಸಿ ಯಂತ್ರ ನಡೆಸುವ ಕ್ರಮ ಹತ್ತೊಂಬತ್ತನೆಯ ಶತಮಾನದ್ದು. ಆಲ್ಪ್ಸ್ ಪರ್ವತದ ಮೋಂಟ್ ಸೆನಿಸ್ ಸುರಂಗದಲ್ಲಿ ಜೆರ್ಮೇನ್ ಸೊಮ್ಮೆಯೆ 1861ರಿಂದ ಗಾಳಿಯ ಕೊರೆಯಂತ್ರಗಳನ್ನು ಬಳಸಿದನು; ಆ ಸುರಂಗ 1871ರಲ್ಲಿ ತೆರೆಯಿತು. 1869ರಲ್ಲಿ ಜಾರ್ಜ್ ವೆಸ್ಟಿಂಗ್‌ಹೌಸ್ ರೈಲಿನ ಗಾಳಿ ಬ್ರೇಕಿಗೆ ಪೇಟೆಂಟ್ ಪಡೆದನು. ಕೋಲಾರದ ಚಿನ್ನದ ಗಣಿಗಳಲ್ಲಿಯೂ ನೆಲದಾಳದ ಬಂಡೆಯನ್ನು ಕೊರೆದದ್ದು ಅದುಮಿದ ಗಾಳಿಯ ಯಂತ್ರಗಳೇ. 1902ರಲ್ಲಿ ಶಿವನಸಮುದ್ರದಿಂದ ಗಣಿಗಳಿಗೆ ವಿದ್ಯುತ್ತು ಹರಿದದ್ದು ಕನ್ನಡ ನಾಡಿನ ಯಂತ್ರಚರಿತ್ರೆಯ ಪ್ರಮುಖ ಘಟ್ಟ.

ಗಾಳಿ ಮತ್ತು ದ್ರವದ ಗುಣಗಳು ಪರಸ್ಪರ ಪೂರಕವಾದವು. ಗಾಳಿ ಹಗುರ, ಎಲ್ಲಿಗಾದರೂ ಕೊಳವೆಯಲ್ಲಿ ಒಯ್ಯಬಹುದು, ಕೆಲಸ ಮುಗಿದ ಮೇಲೆ ಹೊರಗೆ ಬಿಟ್ಟುಬಿಡಬಹುದು. ಆದರೆ ಅದನ್ನು ಅದುಮಿದಷ್ಟೂ ಕುಗ್ಗುತ್ತದೆ. ಸ್ಪ್ರಿಂಗಿನಂತೆ ಶಕ್ತಿಯನ್ನು ಒಳಗೆ ಕೂಡಿಟ್ಟುಕೊಳ್ಳುತ್ತದೆ. ಕವಚ ಒಡೆದರೆ ಆ ಶಕ್ತಿ ಸ್ಫೋಟಿಸುತ್ತದೆ. ದ್ರವವಾದರೋ ಬಹುಮಟ್ಟಿಗೆ ಕುಗ್ಗದು. ಸೋರಿದರೆ ಅದರ ಒತ್ತಡ ಥಟ್ಟನೆ ಇಳಿಯುತ್ತದೆ. ಆದ್ದರಿಂದ ಕಡಿಮೆ ಒತ್ತಡದ ಭಾಗವನ್ನು ಗಾಳಿಗೂ ಹೆಚ್ಚಿನ ಒತ್ತಡದ ಭಾಗವನ್ನು ದ್ರವಕ್ಕೂ ಒಪ್ಪಿಸುವುದು ವಿವೇಕದ ಹಂಚಿಕೆ. ಆವಿಯ ದೊಡ್ಡ ಪಿಸ್ಟನ್ನಿನಿಂದ ನೀರಿನ ಸಣ್ಣ ಪಿಸ್ಟನ್ನನ್ನು ಒತ್ತುವ ಒತ್ತಡವರ್ಧಕವನ್ನು ಉಕ್ಕಿನ ಕಾರ್ಖಾನೆಗಳು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಬಳಸಿದ್ದವು. ಇಂದಿನ ಗಾಳಿಚಾಲಿತ ಜಾಕು ಅದರ ಕಿರಿಯ ರೂಪ. ಆವಿಯ ಸ್ಥಾನದಲ್ಲಿ ಗಾಳಿ, ನೀರಿನ ಸ್ಥಾನದಲ್ಲಿ ಎಣ್ಣೆ.

ಸ್ವಯಂನಿರ್ಮಿತ ಪ್ರೆಸ್ಸಿನ ಲೆಕ್ಕ

ಇಪ್ಪತ್ತು ಟನ್ನಿನ ಒಂದು ಮಾದರಿಯ ಲೆಕ್ಕವನ್ನು ಗಮನಿಸಿದರೆ ಈ ಹಂಚಿಕೆ ಸ್ಪಷ್ಟವಾಗುತ್ತದೆ. ಕಂಪ್ರೆಸರಿನ ಗಾಳಿಯ ಒತ್ತಡ 7 ಬಾರ್ ಎಂದಿಟ್ಟುಕೊಳ್ಳಬಹುದು. ಗಾಳಿಯ ಪಿಸ್ಟನ್ನಿನ ವ್ಯಾಸ 60 ಮಿ.ಮೀ. ಆದರೆ ಅದರ ಮೇಲೆ ಬೀಳುವ ಬಲ ಸುಮಾರು 200 ಕಿಲೋಗ್ರಾಂ. ಆ ಪಿಸ್ಟನ್ನು 6 ಮಿ.ಮೀ. ವ್ಯಾಸದ ಉಕ್ಕಿನ ಕಡ್ಡಿಯೊಂದನ್ನು ಎಣ್ಣೆಯೊಳಕ್ಕೆ ನೂಕುತ್ತದೆ. ವ್ಯಾಸದಲ್ಲಿ ಹತ್ತು ಪಟ್ಟು, ಅಂದರೆ ವಿಸ್ತೀರ್ಣದಲ್ಲಿ ನೂರು ಪಟ್ಟು ವ್ಯತ್ಯಾಸವಿರುವುದರಿಂದ ಎಣ್ಣೆಯ ಒತ್ತಡ 700 ಬಾರ್ ತಲಪುತ್ತದೆ. ಅದೇ ಎಣ್ಣೆ 60 ಮಿ.ಮೀ. ವ್ಯಾಸದ ಮುಖ್ಯ ಪಿಸ್ಟನ್ನನ್ನು ಒತ್ತಿದಾಗ ದೊರೆಯುವ ಬಲ, ಘರ್ಷಣೆಯನ್ನು ಬಿಟ್ಟು ಎಣಿಸಿದರೆ, ಸುಮಾರು 20 ಟನ್. ಪಾಸ್ಕಲ್ ತನ್ನ ಉದಾಹರಣೆಗೆ ಆಯ್ದುಕೊಂಡ ನೂರರ ಪ್ರಮಾಣವೇ ಇಲ್ಲಿ ಯಂತ್ರವಾಗಿ ನಿಂತಿದೆ.

ಅವನು ಹೇಳಿದ ಬೆಲೆಯನ್ನೂ ತೆರಬೇಕಾಗುತ್ತದೆ. ಕಡ್ಡಿ ಒಂದು ಸಲ 25 ಮಿ.ಮೀ. ಚಲಿಸಿದರೆ ಮುಖ್ಯ ಪಿಸ್ಟನ್ ಚಲಿಸುವುದು ಕಾಲು ಮಿ.ಮೀ. ಮಾತ್ರ. 100 ಮಿ.ಮೀ. ಸಾಗಲು ಕಡ್ಡಿ 400 ಸಲ ಆಡಬೇಕು. ಕೈಯಿಂದ ಇದು ಬೆವರಿಳಿಸುವ ಕೆಲಸ. ಗಾಳಿಯ ಪಿಸ್ಟನ್ನು ತನ್ನ ಕವಾಟಗಳ ನೆರವಿನಿಂದ ತಾನಾಗಿಯೇ ಹಿಂದೆ ಮುಂದೆ ಆಡುವುದರಿಂದ ಕೆಲಸಗಾರನ ಎರಡು ಕೈಗಳೂ ಬಿಡುವಾಗಿ, ವಸ್ತುವನ್ನು ನೇರವಾಗಿ ಹಿಡಿದಿಡಲು ಒದಗುತ್ತವೆ. ಬರಿಯ ಗಾಳಿಯಿಂದಲೇ 20 ಟನ್ ಪಡೆಯಬೇಕಾದರೆ ಸುಮಾರು 60 ಸೆಂ.ಮೀ. ವ್ಯಾಸದ ಪಿಸ್ಟನ್ ಬೇಕಾಗುತ್ತದೆ. ಅಂಥ ಸಿಲಿಂಡರಿನಲ್ಲಿ ಕೂಡಿದ ಗಾಳಿಯ ಅಪಾಯ ಬೇರೆ.

ಸಾಮಾನ್ಯವಾಗಿ ಸಣ್ಣ ಕಾರ್ಯಾಗಾರಗಳು ಜಾಕನ್ನು ಕೊಂಡು ಚೌಕಟ್ಟನ್ನು ತಾವೇ ಕಟ್ಟುತ್ತವೆ. ಹೀಗಾಗಿ ಬ್ರಾಮಾನ ಕಾಲದಲ್ಲಿ ಸೋರಿಕೆಯ ಮೇಲಿದ್ದ ಚಿಂತೆ ಇಲ್ಲಿ ಉಕ್ಕಿನ ಗಟ್ಟಿತನದ ಮೇಲೆ ಬರುತ್ತದೆ. ಎರಡು ಕಂಬಗಳಿಗೂ ತಲಾ 10 ಟನ್ ಎಳೆತ ಬೀಳುತ್ತದೆ. ಕೆಳಗಿನ ಅಡ್ಡತೊಲೆಯನ್ನು ಪ್ರತಿ ಬದಿಯಲ್ಲಿ 25 ಮಿ.ಮೀ. ದಪ್ಪದ ಒಂದು ಪಿನ್ನು ಎರಡು ಕಡೆ ಆಸರೆಯಿಂದ ಹೊತ್ತಿದ್ದರೆ, ಪಿನ್ನನ್ನು ಕತ್ತರಿಸಲೆಳಸುವ ಒತ್ತಡ ಚದರ ಮಿ.ಮೀ.ಗೆ ಸುಮಾರು 100 ನ್ಯೂಟನ್ ಆಗುತ್ತದೆ. ಮೆದು ಉಕ್ಕಿನ ಮಟ್ಟಿಗೆ ಇದು ನಿಶ್ಚಿಂತೆಯಿಂದಿರಬಹುದಾದ ಅಂಕಿಯಲ್ಲ. ಇನ್ನೂ ದಪ್ಪನೆಯ ಪಿನ್ನು ಬೇಕು. ಪಿಸ್ಟನ್ನಿನ ನೇರಕ್ಕೆ ಕೂರದ ವಸ್ತು ಪಕ್ಕಕ್ಕೆ ಚಿಮ್ಮುತ್ತದೆ. ಗಡಸು ಉಕ್ಕಿನ ಬೇರಿಂಗು ಒತ್ತಡದಡಿ ಚೂರಾಗಿ ಸಿಡಿಯುತ್ತದೆ. ಆದುದರಿಂದ ಎದುರಿಗೆ ಕಬ್ಬಿಣದ ತಡೆ ಇರಬೇಕು. ಕೊಳವೆಯ ಸೂಜಿಮೊನೆಯಷ್ಟು ರಂಧ್ರದಿಂದ ಚಿಮ್ಮುವ 700 ಬಾರ್ ಎಣ್ಣೆ ಚರ್ಮವನ್ನು ತೂರಿ ಒಳಹೋಗಬಲ್ಲುದು. ಸೋರಿಕೆಯನ್ನು ಬೆರಳಿನಿಂದ ಹುಡುಕಲೇಬಾರದು. ಬ್ರಿಟಾನಿಯಾ ಸೇತುವೆಯಲ್ಲಿ ಸ್ಟೀಫನ್‌ಸನ್ ಪಾಲಿಸಿದ ಅಪನಂಬಿಕೆಯ ಶಿಸ್ತು ಪುಟ್ಟ ಶೆಡ್ಡಿಗೂ ಅಗತ್ಯ.

ಕನ್ನಡ ನಾಡಿನ ಸಂದರ್ಭ

ಭಾರತಕ್ಕೆ ಹೈಡ್ರಾಲಿಕ್ ಪ್ರೆಸ್ ಮುಖ್ಯವಾಗಿ ಪರಿಚಯವಾದದ್ದು ಹತ್ತಿಯ ವ್ಯಾಪಾರದ ಮೂಲಕ. ಹಡಗಿನಲ್ಲಿ ಜಾಗಕ್ಕೆ ಬಾಡಿಗೆ ತೆರಬೇಕಾದ್ದರಿಂದ ಉಬ್ಬಿದ ಹತ್ತಿಯನ್ನು ಬಿಗಿಯಾಗಿ ಒತ್ತಿ ಬೇಲುಗಳಾಗಿ ಕಟ್ಟುವುದು ಅನಿವಾರ್ಯವಾಗಿತ್ತು. 392 ಪೌಂಡಿನ ಬೇಲು ಭಾರತದ ವ್ಯಾಪಾರದ ಅಳತೆಯಾಗಿ ನೆಲೆಗೊಂಡಿತು. ಮೆಟ್ರಿಕ್ ಪದ್ಧತಿ ಬಂದ ಮೇಲೆ ಅದು 170 ಕಿಲೋಗ್ರಾಂ ಆಯಿತು. ಹುಬ್ಬಳ್ಳಿ, ಗದಗ ಮೊದಲಾದ ಊರುಗಳಲ್ಲಿ ಹತ್ತಿ ಬಿಡಿಸುವ ಜಿನ್ನುಗಳ ಜೊತೆಗೆ ಹತ್ತಿ ಒತ್ತುವ ಪ್ರೆಸ್ಸುಗಳೂ ತಲೆಯೆತ್ತಿದವು. ಅಲ್ಲಿ ಯಂತ್ರ ಹೊರಗಿನದು, ದುಡಿಮೆ ಊರಿನದು. ಆದರೆ ಕೆಟ್ಟ ಯಂತ್ರವನ್ನು ದುರಸ್ತಿ ಮಾಡುವ ಕೈಗಳು ಊರಿನಲ್ಲಿಯೇ ತಯಾರಾಗಬೇಕಾಯಿತು.

ಸ್ವಾತಂತ್ರ್ಯಾನಂತರ 1953ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಎಚ್‌ಎಂಟಿ, 1960ರಲ್ಲಿ ಆರಂಭವಾದ ರಾಜ್ಯದ ಸಣ್ಣ ಕೈಗಾರಿಕೆಗಳ ಅಭಿವೃದ್ಧಿ ನಿಗಮ, 1970ರ ದಶಕದಿಂದ ಬೆಳೆದ ಪೀಣ್ಯ ಕೈಗಾರಿಕಾ ಪ್ರದೇಶ ಇವು ಲೇತು, ವೆಲ್ಡಿಂಗ್ ಕಲಿತ ಸಾವಿರಾರು ಕೆಲಸಗಾರರಿಗೆ ನೆಲೆಯಾದವು. ಅವರಲ್ಲಿ ಅನೇಕರು ಮುಂದೆ ಸ್ವಂತ ಶೆಡ್ಡುಗಳನ್ನು ತೆರೆದರು. ಬ್ರಾಮಾನ ಬಾಗಿಲಿನಿಂದ ಹೊರಬಂದ ಮಾಡ್‌ಸ್ಲೆಯ ಹಾದಿಯನ್ನೇ ಇದು ನೆನಪಿಸುತ್ತದೆ.

ಕನ್ನಡ ನಾಡಿನಲ್ಲಿ ಪ್ರೆಸ್ಸಿಗೆ ದೊರೆತ ವಿಶಿಷ್ಟ ಉಪಯೋಗ ಅಡಿಕೆ ಹಾಳೆಯ ತಟ್ಟೆಯದು. ಕರಾವಳಿಯಲ್ಲಿ ಹಾಳೆಯಿಂದ ಮುಟ್ಟಾಳೆ ಹೊಲಿಯುವುದು, ಮಲೆನಾಡಿನಲ್ಲಿ ಹಾಳೆಯನ್ನು ಮಡಿಸಿ ದೊನ್ನೆಯಂತೆ ಬಳಸುವುದು ಹಳೆಯ ರೂಢಿ. ಉದುರಿದ ಹಾಳೆಯನ್ನು ತೊಳೆದು, ನೆನೆಸಿ, ಕಾದ ಅಚ್ಚುಗಳ ನಡುವೆ ಒತ್ತಿದರೆ ಅದು ಆಕಾರವನ್ನು ಉಳಿಸಿಕೊಳ್ಳುವ ತಟ್ಟೆಯಾಗುತ್ತದೆ. ಇದಕ್ಕೆ ಕೈಸನ್ನೆ, ಕಾಲುಪೆಡಲು, ಗಾಳಿ, ಹೈಡ್ರಾಲಿಕ್ ಹೀಗೆ ಎಲ್ಲ ಬಗೆಯ ಪ್ರೆಸ್ಸುಗಳೂ ಬಳಕೆಗೆ ಬಂದವು. ಅವುಗಳನ್ನು ತಯಾರಿಸಿದವರಲ್ಲಿ ಸಣ್ಣ ಕಾರ್ಯಾಗಾರಗಳ ಪಾಲು ಗಣನೀಯ. ಹಾಳೆ ಎಷ್ಟು ತೇವವಿರಬೇಕು, ಅಚ್ಚು ಎಷ್ಟು ಕಾದಿರಬೇಕು, ಒತ್ತಡವನ್ನು ಎಷ್ಟು ಹೊತ್ತು ಹಿಡಿದಿಡಬೇಕು ಎಂಬುದು ಅಡಿಕೆ ತೋಟದ ನೆರೆಯಲ್ಲಿ, ಕೆಟ್ಟ ತಟ್ಟೆಗಳ ರಾಶಿಯ ಎದುರಿನಲ್ಲಿ ಕಲಿಯಬೇಕಾದ ಪಾಠ.

ಉಪಸಂಹಾರ

ಸೂತ್ರವನ್ನು ಪಾಸ್ಕಲ್ ನೀಡದಿದ್ದರೆ ಪ್ರೆಸ್ಸಿನ ಕಲ್ಪನೆಯೇ ಇರುತ್ತಿರಲಿಲ್ಲ ಎಂಬುದು ನಿರ್ವಿವಾದ. ಆದರೆ ಆ ಸೂತ್ರ 1663ರಿಂದ 1795ರವರೆಗೆ ಕಾದದ್ದು ಇನ್ನೊಬ್ಬ ಗಣಿತಜ್ಞನಿಗಾಗಿ ಅಲ್ಲ, ದುಂಡಗೆ ಕೊರೆಯಬಲ್ಲ ಯಂತ್ರಕ್ಕಾಗಿ ಮತ್ತು ತೊಗಲನ್ನು ಸರಿಯಾಗಿ ಮಡಿಸಬಲ್ಲ ಬೆರಳುಗಳಿಗಾಗಿ. ಯಂತ್ರಗಳ ಚರಿತ್ರೆಯನ್ನು ಪೇಟೆಂಟಿನ ಪಟ್ಟಿಯಿಂದಷ್ಟೇ ಬರೆದರೆ ಈ ಬೆರಳುಗಳು ಕಾಣುವುದಿಲ್ಲ. ಕರ್ನಾಟಕದ ಮಟ್ಟಿಗಂತೂ ಈ ಕೊರತೆ ಇನ್ನೂ ತೀವ್ರವಾದುದು. ಹತ್ತಿಯ ಪ್ರೆಸ್ಸುಗಳನ್ನು ನಡೆಸಿದ ಫಿಟ್ಟರುಗಳ, ಹಾಳೆತಟ್ಟೆಯ ಯಂತ್ರಗಳನ್ನು ಮೊದಲಿಗೆ ಕಟ್ಟಿದ ವೆಲ್ಡರುಗಳ, ಗುಜರಿ ಕಬ್ಬಿಣದಿಂದ ತಮ್ಮ ಪ್ರೆಸ್ಸನ್ನು ತಾವೇ ನಿಲ್ಲಿಸಿಕೊಂಡ ಮೆಕ್ಯಾನಿಕ್ಕುಗಳ ಅನುಭವ ಬಹುಮಟ್ಟಿಗೆ ಬರಹಕ್ಕೆ ಇಳಿದಿಲ್ಲ. ಮಾಡ್‌ಸ್ಲೆಯ ಹೆಸರು ಉಳಿದದ್ದು ಅವನ ಶಿಷ್ಯನೊಬ್ಬ ನೆನಪನ್ನು ಹೇಳಿದ್ದರಿಂದ ಮತ್ತು ಅದನ್ನು ಬರೆದಿಡುವವನೊಬ್ಬ ಇದ್ದದ್ದರಿಂದ. ಇಲ್ಲಿನ ಕಾರ್ಯಾಗಾರಗಳ ಹಿರಿಯರು ಬದುಕಿರುವಾಗಲೇ ಅವರ ಮಾತುಗಳನ್ನು, ಗೋಡೆಯ ಮೇಲೆ ಸೀಮೆಸುಣ್ಣದಿಂದ ಬರೆದ ಅವರ ಲೆಕ್ಕಗಳನ್ನು, ಅವರು ಕಟ್ಟಿದ ಯಂತ್ರಗಳ ಅಳತೆಗಳನ್ನು ಸಂಗ್ರಹಿಸುವುದು ಸಂಶೋಧಕರ ಮುಂದಿರುವ ತುರ್ತು ಕಾರ್ಯ.